ಕೆಚ್ಚಲು ಬಾವಿಗೆ ಮದ್ದು ನಾಟದಿದ್ದಾಗ: ಸೂಜಿಗೆ ಮೊದಲು ಸೀಸೆ ಹಿಡಿಯುವ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಸೀಮೆ ಹಸು ಗೌರಿ ಮೂರನೇ ಕರು ಹಾಕಿದ ಮೇಲೆ ಹಿಂದಿನ ಬಲ ಮೊಲೆಗೆ ಬಾವು ಬಂತು. ಸುತ್ತಮುತ್ತ ಎಲ್ಲರೂ ಮಾಡುವ ಹಾಗೆ ನಾವೂ ಔಷಧಿ ಅಂಗಡಿಯಿಂದ ಇಂಜೆಕ್ಷನ್ ತಂದು, ಪರಿಚಯದವರ ಕೈಲಿ ಹಾಕಿಸಿದೆವು. ಎರಡೇ ದಿನಕ್ಕೆ ಬಾವು ಇಳಿಯಿತು, ಹಾಲು ಬಿಳಿಯಾಯಿತು. ಇನ್ನು ಸಾಕು ಅಂತ ನಿಲ್ಲಿಸಿಬಿಟ್ಟೆವು. ಹನ್ನೆರಡನೇ ದಿನ ಬಾವು ವಾಪಸ್ ಬಂತು. ಈ ಸಲ ಅದೇ ಇಂಜೆಕ್ಷನ್ ನಾಟಲಿಲ್ಲ. ಇನ್ನೊಂದು ತಂದೆವು, ಆಮೇಲೆ ಮತ್ತೊಂದು. ಕೊನೆಗೆ ಆ ಮೊಲೆ ಬತ್ತಿಯೇ ಹೋಯಿತು. ಎಲ್ಲ ಮುಗಿದ ಮೇಲೆ ಹಾಲನ್ನು ಲ್ಯಾಬಿಗೆ ಕೊಟ್ಟೆವು. ನಾವು ಹಾಕಿಸಿದ ಮೂರು ಔಷಧಿಗಳಲ್ಲಿ ಎರಡಕ್ಕೆ ಆ ಬ್ಯಾಕ್ಟೀರಿಯಾ ಜಗ್ಗುವುದೇ ಇಲ್ಲ ಅಂತ ವರದಿ ಬಂತು.

ಅದೇ ಹಾಲನ್ನು ಮೊದಲ ದಿನವೇ ಒಂದು ಸೀಸೆಗೆ ಹಿಡಿದು ಲ್ಯಾಬಿಗೆ ಕಳಿಸಿದ್ದರೆ ಗೌರಿಯ ಮೊಲೆ ಉಳಿಯುತ್ತಿತ್ತೇನೋ. ಆ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ಎರಡು ಹಸು ಇರುವವರಿಗೂ ಇಪ್ಪತ್ತು ಇರುವವರಿಗೂ ಇದು ಒಂದೇ ಲೆಕ್ಕ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

"ಹಾಲಿನಲ್ಲಿ ಆ್ಯಂಟಿಬಯೋಟಿಕ್" ಅಂದಾಗ ಜನ ಎರಡು ಬೇರೆ ವಿಷಯಗಳನ್ನು ಒಂದೇ ಅಂದುಕೊಳ್ಳುತ್ತಾರೆ.

ಒಂದು, ಔಷಧಿಯ ಉಳಿಕೆ. ಹಸುವಿಗೆ ಹಾಕಿದ ಮದ್ದು ಸ್ವಲ್ಪ ದಿನ ಹಾಲಿನಲ್ಲಿ ಇಳಿಯುತ್ತದೆ. ಕಾಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿತು. ಅದರಲ್ಲಿ 77 ಮಾದರಿಗಳಲ್ಲಿ ಆ್ಯಂಟಿಬಯೋಟಿಕ್ ಉಳಿಕೆ ಮಿತಿ ಮೀರಿತ್ತು.

ಇನ್ನೊಂದು, ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ. ಕೆಚ್ಚಲಲ್ಲಿ ಲಕ್ಷಾಂತರ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಮದ್ದು ತಡೆಯುವ ಶಕ್ತಿ ಇರಬಹುದು. ಮದ್ದು ಬಿದ್ದಾಗ ಮೆತ್ತಗಿರುವವು ಸಾಯುತ್ತವೆ, ಗಟ್ಟಿಗಳು ಉಳಿಯುತ್ತವೆ. ಖಾಲಿಯಾದ ಜಾಗದಲ್ಲಿ ಆ ಗಟ್ಟಿಗಳೇ ಮರಿ ಹಾಕುತ್ತವೆ. ತಮ್ಮ ಶಕ್ತಿಯ ಗುಟ್ಟನ್ನು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಗೂ ದಾಟಿಸಬಲ್ಲವು. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಡೆದಾಗಲೇ, ಕಡಿಮೆ ಪ್ರಮಾಣದಲ್ಲಿ ಮದ್ದು ಕೊಟ್ಟರೆ ಹೀಗಾಗುತ್ತದೆ ಅಂತ ಎಚ್ಚರಿಸಿದ್ದರು.

ಈ ಬ್ಯಾಕ್ಟೀರಿಯಾಗಳು ಕಾಯಿಸಿದರೆ ಸಾಯುತ್ತವೆ. ಮದ್ದಿಗೆ ಜಗ್ಗದಿದ್ದರೂ ಬೆಂಕಿಗೆ ಜಗ್ಗುತ್ತವೆ. ಡೇರಿ ಘಟಕದಲ್ಲಿ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸುವುದೇ ಇದಕ್ಕೆ. ಹಾಗಾದರೆ ಭಯವೇಕೆ? ಹಾಲು ಕರೆಯುವವರ ಕೈ, ಕೊಟ್ಟಿಗೆಯ ನೆಲ, ಸಗಣಿ, ಹಸಿ ಹಾಲು ಕುಡಿಯುವ ಕರು, ಅದನ್ನು ಮುದ್ದಿಸುವ ಮಕ್ಕಳು, ಇವರ್ಯಾರಿಗೂ ಕಾಯಿಸಿದ ಹಾಲಿನ ರಕ್ಷಣೆ ಇಲ್ಲ ಅಲ್ವಾ? ಇಂಗ್ಲೆಂಡಿನಲ್ಲಿ ಹಸುಗಳ ಕೆಚ್ಚಲು ಬಾವಿನ ಬಗ್ಗೆ ಕೆಲಸ ಮಾಡುತ್ತಿದ್ದ ಸಂಶೋಧಕರು ಹಾಲಿನ ಟ್ಯಾಂಕಿನಲ್ಲಿ ಎಂಆರ್‌ಎಸ್‌ಎ ಎಂಬ ಹಟಮಾರಿ ಬ್ಯಾಕ್ಟೀರಿಯಾದ ಹೊಸ ಬಗೆಯೊಂದನ್ನು ಕಂಡರು. 2011ರಲ್ಲಿ ಅದನ್ನು ಪ್ರಕಟಿಸಿದರು. ಅದೇ ಬಗೆ ಮನುಷ್ಯರಲ್ಲೂ ಸಿಕ್ಕಿತ್ತು. ಕೊಟ್ಟಿಗೆಗೂ ಮನೆಗೂ ನಡುವೆ ಗೋಡೆ ಇದೆ ಅಂತ ನಾವು ಅಂದುಕೊಂಡಿದ್ದೇವೆ, ಬ್ಯಾಕ್ಟೀರಿಯಾಗೆ ಅದು ಕಾಣುವುದಿಲ್ಲ.

ಹಂತ 1: ಬಾವು ಕಣ್ಣಿಗೆ ಬೀಳುವ ಮೊದಲೇ ಹಿಡಿಯಿರಿ

ಕರೆಯುವ ಮೊದಲು ಪ್ರತಿ ಮೊಲೆಯಿಂದ ಮೂರು ನಾಲ್ಕು ಧಾರೆಯನ್ನು ಕಪ್ಪು ತಟ್ಟೆಗೆ ಬಿಡಿ. ಕಪ್ಪು ಬಟ್ಟೆ ಕಟ್ಟಿದ ಲೋಟವೂ ಆಗುತ್ತದೆ. ಗಡ್ಡೆ, ನೀರಿನಂಥ ಹಾಲು, ರಕ್ತದ ಎಳೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಈ ಹಾಲನ್ನು ನೆಲಕ್ಕೆ ಚೆಲ್ಲಬೇಡಿ, ಹಸು ಅಲ್ಲೇ ಮಲಗುತ್ತದೆ.

ಹೊರಗೆ ಏನೂ ಕಾಣದ ಒಳಬಾವು ಇನ್ನೂ ಜಾಸ್ತಿ. ಹಾಲು ಕಡಿಮೆಯಾಗುತ್ತದೆ, ಡೇರಿಯಲ್ಲಿ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಇಳಿಯುತ್ತದೆ, ಕಾರಣ ಗೊತ್ತಾಗುವುದಿಲ್ಲ. ಇದಕ್ಕೆ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ಎಂಬ ಪರೀಕ್ಷೆ ಇದೆ. ಕ್ಯಾಲಿಫೋರ್ನಿಯಾದಲ್ಲಿ 1957ರಲ್ಲಿ ಬಂದದ್ದು, ಇಂದಿಗೂ ಇದಕ್ಕಿಂತ ಸುಲಭದ್ದು ಸಿಕ್ಕಿಲ್ಲ. ನಾಲ್ಕು ಬಟ್ಟಲಿನ ಒಂದು ಪ್ಲಾಸ್ಟಿಕ್ ತಟ್ಟೆ, ಒಂದು ಬಾಟಲಿ ದ್ರಾವಣ, ಅಷ್ಟೇ. ಒಂದೊಂದು ಬಟ್ಟಲಿಗೆ ಒಂದೊಂದು ಮೊಲೆಯ ಹಾಲು, ಸುಮಾರು 2 ಮಿ.ಲೀ. ಅಷ್ಟೇ ದ್ರಾವಣ ಸೇರಿಸಿ ಹತ್ತು ಸೆಕೆಂಡು ತಿರುಗಿಸಿ. ನೀರಿನ ಹಾಗೇ ಇದ್ದರೆ ಸರಿ. ಲೋಳೆಯಾದರೆ ಬಾವು ಇದೆ. ಗಟ್ಟಿ ಜೆಲ್ಲಿಯಾದರೆ ಬಾವು ಜೋರಾಗಿದೆ. ಬಾವು ಇದ್ದಾಗ ಕೆಚ್ಚಲಿಗೆ ಬಿಳಿ ರಕ್ತಕಣಗಳು ಓಡಿ ಬರುತ್ತವೆ, ದ್ರಾವಣ ಅವುಗಳನ್ನು ಒಡೆದಾಗ ಒಳಗಿನ ಪದಾರ್ಥ ಲೋಳೆಯಾಗುತ್ತದೆ.

ಕರು ಹಾಕಿದ ಮೊದಲ ದಿನಗಳಲ್ಲಿ ಈ ಪರೀಕ್ಷೆ ಬೇಡ. ಗಿಣ್ಣು ಹಾಲು ಸಹಜವಾಗಿಯೇ ಲೋಳೆ ತೋರಿಸುತ್ತದೆ, ಸುಮ್ನೆ ಗಾಬರಿ. ಉಳಿದಂತೆ ತಿಂಗಳಿಗೊಮ್ಮೆ ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಹಂತ 2: ಎಷ್ಟು ಜೋರಿದೆ ಅಂತ ನೋಡಿ ನಿರ್ಧರಿಸಿ

ಹಸು ಮೇವು ಬಿಟ್ಟಿದೆ, ಮೈ ಸುಡುತ್ತಿದೆ, ನಡುಗುತ್ತಿದೆ, ಏಳುತ್ತಿಲ್ಲ ಅಂದರೆ ಒಂದು ಗಂಟೆಯೂ ಕಾಯಬೇಡಿ. ಡಾಕ್ಟರನ್ನು ಕರೆಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಇ. ಕೋಲಿಯಂಥ ಬ್ಯಾಕ್ಟೀರಿಯಾ ಬಿಡುವ ವಿಷ ಒಂದೇ ದಿನದಲ್ಲಿ ಹಸುವನ್ನು ಕೆಡವಬಲ್ಲದು. ಆಗಲೂ ಮೊದಲ ಸೂಜಿ ಚುಚ್ಚುವ ಮುಂಚೆ ಹಾಲು ಹಿಡಿದಿಡಿ. ಅದಕ್ಕೆ ಐದು ನಿಮಿಷ ಸಾಕು.

ಹಾಲಿನಲ್ಲಷ್ಟೇ ಬದಲಾವಣೆ ಇದೆ, ಹಸು ಚೆನ್ನಾಗಿ ಮೇಯುತ್ತಿದೆ, ಜ್ವರ ಇಲ್ಲ ಅಂದರೆ ಒಂದು ದಿನ ಕಾಯಲು ಅವಕಾಶ ಇದೆ. ಡಾಕ್ಟರಿಗೆ ಹೇಳಿಯೇ ಕಾಯಿರಿ. ಇಂಥ ಎಷ್ಟೋ ಬಾವುಗಳನ್ನು, ಮುಖ್ಯವಾಗಿ ಇ. ಕೋಲಿಯಿಂದ ಬಂದವನ್ನು, ಹಸುವಿನ ಮೈಯೇ ಓಡಿಸುತ್ತದೆ. ಅಲ್ಲಿ ಆ್ಯಂಟಿಬಯೋಟಿಕ್ ಹಾಕಿದರೆ ಹಸುವಿಗೆ ಲಾಭ ಇಲ್ಲ, ಗಟ್ಟಿ ಬ್ಯಾಕ್ಟೀರಿಯಾಗೆ ಮಾತ್ರ ಲಾಭ.

ನೋವಿಗೆ ಏನು ಕೊಡಬೇಕು ಅಂತ ಡಾಕ್ಟರನ್ನೇ ಕೇಳಿ. ಯಾರಾದರೂ ಡೈಕ್ಲೊಫಿನಾಕ್ ಹಾಕುತ್ತೇನೆ ಅಂದರೆ ಬೇಡ ಅನ್ನಿ. ಅದನ್ನು ದನಗಳಿಗೆ ಕೊಡುವುದು 2006ರಿಂದಲೇ ನಿಷೇಧ. ಆ ಔಷಧಿ ಪಡೆದ ದನ ಸತ್ತು, ಅದನ್ನು ತಿಂದು ರಣಹದ್ದುಗಳು ದೇಶದಿಂದಲೇ ಅಳಿಯುವ ಸ್ಥಿತಿಗೆ ಬಂದವು. ನಮ್ಮ ರಾಮನಗರದ ಬೆಟ್ಟದಲ್ಲಿ ಉಳಿದಿರುವ ಕೆಲವೇ ಹದ್ದುಗಳನ್ನು ನೋಡಿದಾಗ ಇದು ನೆನಪಾಗುತ್ತದೆ.

ಕಾಯುವ ಹೊತ್ತಿನಲ್ಲಿ ಆ ಮೊಲೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಕರೆದು ಖಾಲಿ ಮಾಡಿ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಎನ್‌ಡಿಡಿಬಿ ಹಳ್ಳಿಗಳಲ್ಲಿ ಹೇಳಿಕೊಡುವ ಮನೆಮದ್ದೂ ಇದೆ: ಲೋಳೆಸರ 250 ಗ್ರಾಂ, ಅರಿಶಿನದ ಪುಡಿ 50 ಗ್ರಾಂ, ಎಲೆ ಅಡಿಕೆಯ ಸುಣ್ಣ 15 ಗ್ರಾಂ. ಮೂರನ್ನೂ ರುಬ್ಬಿ ಇಟ್ಟುಕೊಳ್ಳಿ. ಒಂದು ಹಿಡಿ ತೆಗೆದು ನೀರಿನಲ್ಲಿ ಕಲಸಿ, ತೊಳೆದ ಕೆಚ್ಚಲಿಗೆಲ್ಲ ದಿನಕ್ಕೆ ಎಂಟು ಹತ್ತು ಸಲ ಹಚ್ಚಿ, ಐದು ದಿನ. ಪ್ರತಿದಿನ ಹೊಸದಾಗಿ ರುಬ್ಬಬೇಕು. ಸಣ್ಣ ಬಾವಿಗೆ ಇದನ್ನು ನಾನೇ ಹಚ್ಚಿದ್ದೇನೆ, ಊತ ಇಳಿದಿದೆ. ಆದರೆ ಜ್ವರ ಬಂದ ಹಸುವಿಗೆ ಇದನ್ನೇ ನಂಬಿ ಕೂರಬೇಡಿ. ಹಚ್ಚಿದ ಮೇಲೆ ಹಾಲು ಕರೆಯುವ ಮುಂಚೆ ಚೆನ್ನಾಗಿ ತೊಳೆದು ಒರೆಸಿ.

ಹಂತ 3: ಸೀಸೆಗೆ ಹಾಲು ಹಿಡಿಯುವುದು

ಈ ಬರಹದಲ್ಲಿ ಒಂದೇ ಒಂದು ಹಂತ ನೆನಪಿಡುವುದಾದರೆ ಇದನ್ನು ನೆನಪಿಡಿ. ಕೊಳಕಾಗಿ ಹಿಡಿದ ಮಾದರಿಯಿಂದ ಲ್ಯಾಬಿನವರಿಗೆ ಸಗಣಿಯ ಬ್ಯಾಕ್ಟೀರಿಯಾ ಸಿಗುತ್ತದೆ, ಕೆಚ್ಚಲಿನದ್ದಲ್ಲ. ಆಮೇಲೆ ಬರುವ ವರದಿ ದಾರಿ ತಪ್ಪಿಸುತ್ತದೆ.

ಬೇಕಾದದ್ದು: ಕ್ರಿಮಿಶುದ್ಧ ಮಾಡಿದ ಸಣ್ಣ ಸೀಸೆ (ಪಶು ಆಸ್ಪತ್ರೆಯಲ್ಲಿ ಕೇಳಿ, ಔಷಧಿ ಅಂಗಡಿಯಲ್ಲೂ ಮುಚ್ಚಳದ ಸ್ಟೆರೈಲ್ ಡಬ್ಬಿ ಸಿಗುತ್ತದೆ), ಹತ್ತಿ, ಸ್ಪಿರಿಟ್, ಗ್ಲೌಸ್, ಮಾರ್ಕರ್ ಪೆನ್ನು, ಐಸ್ ಹಾಕಿದ ಥರ್ಮಾಸ್ ಅಥವಾ ಬಾಕ್ಸ್.

ಕೆಚ್ಚಲು ಒದ್ದೆ ಇದ್ದರೆ ಮೊದಲು ಒರೆಸಿ ಒಣಗಿಸಿ. ನೀರು ತೊಟ್ಟಿಕ್ಕುತ್ತಿದ್ದರೆ ಎಲ್ಲ ಕೊಳೆಯೂ ಸೀಸೆಗೆ ಇಳಿಯುತ್ತದೆ. ಮೊದಲ ಮೂರು ನಾಲ್ಕು ಧಾರೆ ಬೇರೆ ಪಾತ್ರೆಗೆ ಬಿಡಿ. ಆಮೇಲೆ ಸ್ಪಿರಿಟ್ ಹತ್ತಿಯಿಂದ ತೊಟ್ಟಿನ ತುದಿಯನ್ನು ಉಜ್ಜಿ. ಹತ್ತಿ ಬೆಳ್ಳಗೆ ಬರುವವರೆಗೆ ಹೊಸ ಹೊಸ ಹತ್ತಿ ತೆಗೆದುಕೊಳ್ಳಿ. ನಾಲ್ಕೂ ಮೊಲೆಯಿಂದ ಹಿಡಿಯುವುದಾದರೆ ಒರೆಸುವಾಗ ದೂರದ ಮೊಲೆಯಿಂದ ಶುರು ಮಾಡಿ, ಹಾಲು ಹಿಡಿಯುವಾಗ ಹತ್ತಿರದ ಮೊಲೆಯಿಂದ. ಆಗ ಒರೆಸಿದ ತೊಟ್ಟಿಗೆ ನಿಮ್ಮ ತೋಳು ತಾಗುವುದಿಲ್ಲ.

ಮುಚ್ಚಳ ತೆಗೆದಾಗ ಅದರ ಒಳಭಾಗ ಕೆಳಮುಖವಾಗಿರಲಿ, ನೆಲಕ್ಕಿಡಬೇಡಿ. ಸೀಸೆಯನ್ನು ಓರೆಯಾಗಿ ಹಿಡಿಯಿರಿ. ನೆಟ್ಟಗೆ ಹಿಡಿದರೆ ಕೆಚ್ಚಲಿನ ಕೂದಲು, ಧೂಳು ಒಳಗೆ ಬೀಳುತ್ತದೆ. 5 ರಿಂದ 10 ಮಿ.ಲೀ. ಸಾಕು. ತೊಟ್ಟು ಸೀಸೆಯ ಬಾಯಿಗೆ ತಾಗದಿರಲಿ. ತಕ್ಷಣ ಮುಚ್ಚಿ. ಹಸುವಿನ ಕಿವಿ ಓಲೆಯ ನಂಬರು, ಯಾವ ಮೊಲೆ, ತಾರೀಖು ಬರೆಯಿರಿ. ಹಿಂದೆ ಯಾವ ಔಷಧಿ ಹಾಕಿದ್ದಿರಿ ಅನ್ನುವುದನ್ನೂ ಚೀಟಿಯಲ್ಲಿ ಬರೆದು ಕಳಿಸಿ. ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ.

ಐಸಿನಲ್ಲಿಟ್ಟು ಅದೇ ದಿನ, ತಡ ಅಂದರೆ ಇಪ್ಪತ್ನಾಲ್ಕು ಗಂಟೆಯೊಳಗೆ ತಲುಪಿಸಿ. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ವಿಚಾರಿಸಿ. ಮೊದಲೇ ಫೋನ್ ಮಾಡಿ ಯಾವ ದಿನ ಮಾದರಿ ತೆಗೆದುಕೊಳ್ಳುತ್ತಾರೆ ಅಂತ ಕೇಳಿಕೊಂಡು ಹೊರಡಿ. ಶನಿವಾರ ಮಧ್ಯಾಹ್ನ ಹೋಗಿ ವಾಪಸ್ ಬರುವುದು ಬೇಡ.

ಹಂತ 4: ವರದಿ ಓದುವುದು

ಬ್ಯಾಕ್ಟೀರಿಯಾ ಬೆಳೆಯಲು ಒಂದೆರಡು ದಿನ, ಅದಕ್ಕೆ ಮದ್ದಿನ ಪರೀಕ್ಷೆಗೆ ಇನ್ನೊಂದು ದಿನ. ತಟ್ಟೆಯ ತುಂಬ ಬ್ಯಾಕ್ಟೀರಿಯಾ ಹರಡಿ, ಒಂದೊಂದು ಔಷಧಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಮೇಲಿಡುತ್ತಾರೆ. ಮದ್ದು ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಖಾಲಿ ವೃತ್ತ ಬಿಡುತ್ತದೆ.

ವರದಿಯಲ್ಲಿ ಎಸ್ ಅಂತಿದ್ದರೆ ಆ ಮದ್ದಿಗೆ ಬ್ಯಾಕ್ಟೀರಿಯಾ ಜಗ್ಗುತ್ತದೆ, ಆರ್ ಅಂದರೆ ಜಗ್ಗುವುದಿಲ್ಲ, ಐ ಅಂದರೆ ನಡುವೆ. ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ಯಾವ ಮದ್ದಿನ ವೃತ್ತ ದೊಡ್ಡದೋ ಅದೇ ಜೋರು ಅಂತ ತಿಳಿಯುತ್ತಾರೆ. ಹಾಗಲ್ಲ. ಒಂದೊಂದು ಔಷಧಿ ತಟ್ಟೆಯಲ್ಲಿ ಒಂದೊಂದು ದೂರ ಹರಡುತ್ತದೆ, ಒಂದೊಂದಕ್ಕೂ ಬೇರೆ ಅಳತೆ. ನೀವು ನೋಡಬೇಕಾದದ್ದು ಅಕ್ಷರ ಮಾತ್ರ.

ಎಸ್ ಬಂದ ಔಷಧಿ ಎರಡು ಮೂರಿದ್ದರೆ ಹಳೆಯದನ್ನು, ಸರಳವಾದದ್ದನ್ನು ಮೊದಲು ಬಳಸೋಣವೇ ಅಂತ ಡಾಕ್ಟರನ್ನು ಕೇಳಿ. ಪೆನ್ಸಿಲಿನ್‌ಗೆ ಜಗ್ಗುವ ಬ್ಯಾಕ್ಟೀರಿಯಾಗೆ ಸೆಫ್ಟ್ರಿಯಾಕ್ಸೋನ್ ಯಾಕೆ? ಸೆಫ್ಟ್ರಿಯಾಕ್ಸೋನ್ ಆಸ್ಪತ್ರೆಯಲ್ಲಿ ಮನುಷ್ಯರ ಜೀವ ಉಳಿಸುವ ಔಷಧಿ. ಎನ್ರೋಫ್ಲಾಕ್ಸಾಸಿನ್ ಕೂಡ ಮನುಷ್ಯರಿಗೆ ಕೊಡುವ ಸಿಪ್ರೋಫ್ಲಾಕ್ಸಾಸಿನ್‌ನ ಹತ್ತಿರದ ನೆಂಟ. ಒಂದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಇನ್ನೊಂದಕ್ಕೂ ಜಗ್ಗುವುದು ಕಷ್ಟ. ಮನುಷ್ಯರ ಕೊನೆಯ ಅಸ್ತ್ರಗಳಲ್ಲಿ ಒಂದಾದ ಕೊಲಿಸ್ಟಿನ್ ಅನ್ನು ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಭಾರತ 2019ರಲ್ಲಿ ನಿಷೇಧಿಸಿದ್ದು ಈ ಕಾರಣಕ್ಕೇ. ಜಗತ್ತಿನಲ್ಲಿ 2019ರಲ್ಲಿ ಸುಮಾರು 12.7 ಲಕ್ಷ ಜನ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾದಿಂದಲೇ ತೀರಿಕೊಂಡರು ಅಂತ ಅಂದಾಜಿದೆ. ಎಲ್ಲವೂ ಹಸುವಿನಿಂದ ಬಂದದ್ದಲ್ಲ, ಮನುಷ್ಯರ ಆಸ್ಪತ್ರೆಗಳ ಪಾಲು ದೊಡ್ಡದು. ಆದರೆ ನಮ್ಮ ಕೈಯಲ್ಲಿರುವುದು ನಮ್ಮ ಕೊಟ್ಟಿಗೆ.

ವರದಿಯಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಅಂತ ಬಂದರೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಎಸ್ ಅಂತ ಇದ್ದರೂ ಇದು ಸುಲಭಕ್ಕೆ ಹೋಗುವುದಿಲ್ಲ. ಕೆಚ್ಚಲಿನ ಜೀವಕೋಶಗಳ ಒಳಗೆ ಅವಿತುಕೊಳ್ಳುತ್ತದೆ, ಸುತ್ತ ಲೋಳೆಯ ಹೊದಿಕೆ ಕಟ್ಟಿಕೊಳ್ಳುತ್ತದೆ, ಮದ್ದು ಅಲ್ಲಿಗೆ ತಲುಪುವುದಿಲ್ಲ. ಹೊಸ ಬಾವು, ಚಿಕ್ಕ ವಯಸ್ಸಿನ ಹಸು ಆದರೆ ಗುಣವಾಗುವ ಸಾಧ್ಯತೆ ಹೆಚ್ಚು. ಹಳೆಯ ಬಾವು, ವಯಸ್ಸಾದ ಹಸು, ಕಲ್ಲಿನಂಥ ಕೆಚ್ಚಲು ಆದರೆ ಮತ್ತೆ ಮತ್ತೆ ಸೂಜಿ ಚುಚ್ಚಿಸಬೇಡಿ. ಆ ಮೊಲೆಯನ್ನು ಬತ್ತಿಸುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.

ಹಂತ 5: ಮದ್ದು ಕೊಡುವುದು

ಎಷ್ಟು ದಿನ, ಎಷ್ಟು ಪ್ರಮಾಣ ಅಂತ ಡಾಕ್ಟರು ಬರೆದ ಹಾಗೇ ನಡೆಯಿರಿ. ಹಾಲು ಬಿಳಿಯಾಯಿತು ಅಂತ ನಡುವೆ ನಿಲ್ಲಿಸಬೇಡಿ. ಅರ್ಧ ಡೋಸ್ ಕೊಟ್ಟು ದುಡ್ಡು ಉಳಿಸಬೇಡಿ. ಹಸುವಿನ ತೂಕ ಅಂದಾಜು ತಪ್ಪಿದರೂ ಡೋಸ್ ತಪ್ಪುತ್ತದೆ.

ಮೊಲೆಯೊಳಗೆ ಬಿಡುವ ಟ್ಯೂಬ್ ಆದರೆ ಮೊದಲು ಪೂರ್ತಿ ಕರೆದು, ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ, ನಳಿಕೆಯ ತುದಿಯನ್ನಷ್ಟೇ ಒಳಗೆ ಇಡಿ. ಪೂರ್ತಿ ತೂರಿಸಿದರೆ ತೊಟ್ಟಿನ ಒಳಪದರ ಗಾಯವಾಗುತ್ತದೆ. ಒಂದು ಟ್ಯೂಬ್ ಒಂದೇ ಮೊಲೆಗೆ. ಅರ್ಧ ಇಲ್ಲಿ, ಅರ್ಧ ಅಲ್ಲಿ ಅಂತ ಹಂಚಿದರೆ ಎರಡಕ್ಕೂ ಸಾಲದು, ಜೊತೆಗೆ ಬಾವೂ ಹಂಚಿಹೋಗುತ್ತದೆ.

ಶುರುವಾದ ದಿನವೇ ಹಸುವಿನ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಿ. ನಿಮ್ಮ ಬದಲು ಅತ್ತಿಗೆ ಕರೆದರೂ, ತಮ್ಮ ಕರೆದರೂ ಈ ಹಾಲು ಕ್ಯಾನಿಗೆ ಹೋಗಬಾರದು ಅಂತ ಅವರಿಗೆ ಗೊತ್ತಾಗಬೇಕು.

ಹಂತ 6: ಹಾಲು ತಡೆಹಿಡಿಯುವ ದಿನಗಳು

ಕೊನೆಯ ಡೋಸಿನಿಂದ ಲೆಕ್ಕ ಶುರು, ಮೊದಲ ಡೋಸಿನಿಂದಲ್ಲ. ಔಷಧಿಯ ಲೇಬಲ್ಲಿನಲ್ಲಿ ಎಷ್ಟು ದಿನ ಅಂತ ಇರುತ್ತದೆ. ಪರೀಕ್ಷಿಸಿ ಗೊತ್ತು ಮಾಡಿದ ಅವಧಿ ಇಲ್ಲದ ಔಷಧಿಗೆ ಹಾಲಿನ ಮಟ್ಟಿಗೆ ಕನಿಷ್ಠ 7 ದಿನ ಅಂತ 2012ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ಒಂದೇ ಮೊಲೆಗೆ ಟ್ಯೂಬ್ ಬಿಟ್ಟರೂ ನಾಲ್ಕೂ ಮೊಲೆಯ ಹಾಲು ತಡೆಯಬೇಕು. ಮದ್ದು ರಕ್ತದ ದಾರಿಯಲ್ಲಿ ಪಕ್ಕದ ಮೊಲೆಗೂ ಬರುತ್ತದೆ.

ಇದು ನಷ್ಟ, ನನಗೆ ಗೊತ್ತು. ಅಮ್ಮ ಮೊದಲ ದಿನ ಬಕೆಟ್ ಚೆಲ್ಲುವಾಗ ಕಣ್ಣೀರು ಹಾಕಿದ್ದರು. ಆದರೆ ಒಬ್ಬರ ಹಾಲು ಕ್ಯಾನಿಗೆ, ಕ್ಯಾನಿನಿಂದ ಬಿಎಂಸಿ ತೊಟ್ಟಿಗೆ (ಎಲ್ಲರ ಹಾಲನ್ನೂ ಸೇರಿಸಿ ತಂಪು ಮಾಡುವ ದೊಡ್ಡ ತೊಟ್ಟಿ), ಅಲ್ಲಿಂದ ಟ್ಯಾಂಕರಿಗೆ ಹೋಗುತ್ತದೆ. ಪೆನ್ಸಿಲಿನ್‌ಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಹಾಕಿದ ಮಿತಿ ಒಂದು ಕಿಲೋ ಹಾಲಿಗೆ 4 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಂ ಪೆನ್ಸಿಲಿನ್ ಎರಡೂವರೆ ಲಕ್ಷ ಕಿಲೋ ಹಾಲನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಇಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗುವುದಿಲ್ಲ, ಹೆಪ್ಪಿನ ಬ್ಯಾಕ್ಟೀರಿಯಾವೇ ಸತ್ತಿರುತ್ತದೆ.

ಆ ಹಾಲನ್ನು ಕರುವಿಗೆ ಕುಡಿಸುವುದು ನಮ್ಮ ಕಡೆ ರೂಢಿ. ದಯವಿಟ್ಟು ಬೇಡ. ಸಣ್ಣ ಪ್ರಮಾಣದ ಮದ್ದು ದಿನವೂ ಕರುವಿನ ಹೊಟ್ಟೆಗೆ ಬಿದ್ದರೆ ಅಲ್ಲೇ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ ಸಾಕಿದ ಹಾಗೆ. ನಾಯಿಗೂ ಬೇಡ, ಚರಂಡಿಗೂ ಬೇಡ. ನೀರಿನ ಬಾವಿಯಿಂದ ದೂರ ಗುಂಡಿ ತೋಡಿ, ಹಾಲು ಸುರಿದು ಮಣ್ಣು ಮುಚ್ಚಿ. ಚಿಕಿತ್ಸೆಯಲ್ಲಿರುವ ಹಸುವಿನ ಸಗಣಿಯನ್ನು ಹಸಿಯಾಗಿ ಸೊಪ್ಪಿನ ಮಡಿಗೆ ಹಾಕಬೇಡಿ, ತಿಪ್ಪೆಯಲ್ಲಿ ಚೆನ್ನಾಗಿ ಬಿಸಿಯಾಗಿ ಕಳಿಯಲಿ.

ಹಂತ 7: ಮತ್ತೆ ಬರದ ಹಾಗೆ

ಆರೋಗ್ಯದ ಹಸುಗಳನ್ನು ಮೊದಲು, ಬಾವಿನ ಹಸುವನ್ನು ಕೊನೆಗೆ ಕರೆಯಿರಿ. ಒಂದು ಹಸುವಿಗೆ ಒಂದು ಬಟ್ಟೆ. ಒಂದೇ ಒದ್ದೆ ಬಟ್ಟೆಯಲ್ಲಿ ಎಲ್ಲ ಕೆಚ್ಚಲನ್ನೂ ಒರೆಸುವುದು ಬಾವನ್ನು ಮನೆಮನೆಗೆ ಹಂಚಿದ ಹಾಗೆ. ಹೆಬ್ಬೆರಳು ಮಡಚಿ ಕರೆಯುವ ಅಭ್ಯಾಸ ಬಿಟ್ಟು ಪೂರ್ತಿ ಮುಷ್ಟಿಯಲ್ಲಿ ಕರೆಯಿರಿ, ತೊಟ್ಟಿನ ಒಳಗೆ ಗಾಯವಾಗುವುದಿಲ್ಲ. ಕರೆಯುವ ಯಂತ್ರ ಇದ್ದರೆ ತೊಟ್ಟಿಗೆ ಹಿಡಿಸುವ ಲೈನರ್ ರಬ್ಬರನ್ನು ಹೇಳಿದ ಅವಧಿಗೆ ಬದಲಾಯಿಸಿ.

ಕರೆದ ತಕ್ಷಣ ತೊಟ್ಟುಗಳನ್ನು ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಆಮೇಲೆ ಹುಲ್ಲು ಹಾಕಿ, ಅರ್ಧ ಗಂಟೆಯಾದರೂ ಹಸು ನಿಂತೇ ಇರಲಿ. ಕರೆದ ಮೇಲೆ ತೊಟ್ಟಿನ ಬಾಯಿ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಆಗ ಸಗಣಿ ಗಂಜಲದ ಮೇಲೆ ಮಲಗಿದರೆ ಬ್ಯಾಕ್ಟೀರಿಯಾಗೆ ಬಾಗಿಲು ತೆರೆದಿಟ್ಟ ಹಾಗೆ. ಇಡೀ ಬರಹದಲ್ಲಿ ಖರ್ಚೇ ಇಲ್ಲದ ಉಪಾಯ ಇದು.

ಮುಂದಿನ ಕರು ಹಾಕುವ ಮುಂಚೆ ಹಾಲು ಬತ್ತಿಸುವಾಗ ಎಲ್ಲ ಹಸುವಿಗೂ ಕಣ್ಣು ಮುಚ್ಚಿ ಆ್ಯಂಟಿಬಯೋಟಿಕ್ ಟ್ಯೂಬ್ ಬಿಡುವ ಕ್ರಮ ಹಲವು ಕಡೆ ಇದೆ. ಯುರೋಪಿನಲ್ಲಿ 2022ರ ಜನವರಿಯಿಂದ ಜಾರಿಯಾದ ಕಾನೂನು ಇಂಥ ರೂಢಿಯ ಬಳಕೆಗೆ ತಡೆ ಹಾಕಿದೆ. ನಾವೂ ಸಿಎಂಟಿ ಮಾಡಿ, ಬಾವು ಇರುವ ಹಸುವಿಗೆ ಮಾತ್ರ ಡಾಕ್ಟರು ಹೇಳಿದ ಟ್ಯೂಬ್ ಬಿಡಬಹುದು. ಬಾವು ಇಲ್ಲದ್ದಕ್ಕೆ ತೊಟ್ಟಿನ ಬಾಯಿ ಮುಚ್ಚುವ, ಔಷಧಿ ಇಲ್ಲದ ಸೀಲಂಟ್ ಬಗ್ಗೆ ಕೇಳಿ.

ಹಂತ 8: ಗುಣವಾಯಿತೇ ಅಂತ ಮತ್ತೆ ನೋಡುವುದು

ಗಡ್ಡೆ ಹೋದ ಮಾತ್ರಕ್ಕೆ ಬ್ಯಾಕ್ಟೀರಿಯಾ ಹೋಯಿತು ಅಂತಲ್ಲ. ಚಿಕಿತ್ಸೆ ಮುಗಿದ ಎರಡು ವಾರಕ್ಕೆ ಒಮ್ಮೆ, ನಾಲ್ಕು ವಾರಕ್ಕೆ ಇನ್ನೊಮ್ಮೆ ಅದೇ ಮೊಲೆಯ ಹಾಲನ್ನು ಸಿಎಂಟಿ ಮಾಡಿ. ಲೋಳೆ ಇದ್ದರೆ ಮತ್ತೆ ಸೀಸೆ ಹಿಡಿದು ಲ್ಯಾಬಿಗೆ ಕಳಿಸಿ.

ಹೋದ ಮಳೆಗಾಲದಲ್ಲಿ ಗೌರಿಯ ಮಗಳಿಗೆ ಬಾವು ಬಂದಾಗ ಹೀಗೇ ಮಾಡಿದೆವು. ಸೀಸೆ ಮೊದಲು ಹೋಯಿತು. ವರದಿಯಲ್ಲಿ ಸಾದಾ ಪೆನ್ಸಿಲಿನ್‌ಗೇ ಎಸ್ ಬಂದಿತ್ತು. ಡಾಕ್ಟರು ಬರೆದ ಅಷ್ಟೂ ದಿನ ಕೊಡಿಸಿದೆವು, ಹಾಲು ತಡೆದೆವು, ನಾಲ್ಕನೇ ವಾರ ಬಟ್ಟಲಿನಲ್ಲಿ ಹಾಲು ನೀರಿನ ಹಾಗೇ ತಿರುಗಿತು. ಅವತ್ತು ಸಂಜೆ ಅಮ್ಮ ಅವಳ ಕಾಲಿನ ಕೆಂಪು ಪಟ್ಟಿ ಬಿಚ್ಚಿದರು.